ಯೂಸ್ಟೇಸನ ಕಾಲ್ಚೀಲದ ಚೂರಿ

ಕತಾರಿನ ದೋಹಾದಲ್ಲಿ, ಅಲ್ ಹಿಲಾಲ್ ಬಡಾವಣೆಯ ಬಾಡಿಗೆ ಫ್ಲ್ಯಾಟಿನಲ್ಲಿರುವ ಯೂಸ್ಟೇಸ್, ಕಂಪನಿಯೊಂದರಲ್ಲಿ ನಕ್ಷೆಗಳಿಗೆ ನಂಬರು ಹಾಕಿ ಫೈಲು ಮಾಡುವ ಗುಮಾಸ್ತ. ಬೆಳ್ತಂಗಡಿಯಲ್ಲಿದ್ದಾಗ ಇಗರ್ಜಿಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಆ ಎರಡು ಕೋಲುಗಳ ಬಲದಿಂದಲೇ ದೋಹಾದ ಸ್ಕಾಟ್‌ಲೆಂಡಿನವರ ಬ್ಯಾಗ್‌ಪೈಪ್ ತಂಡದೊಳಗೆ ನುಸುಳಿಕೊಂಡ. ಅಂದಿನಿಂದ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ತಂಡದ ಉಡುಪು ಕಿಲ್ಟ್. ಸ್ಕಾಟ್‌ಲೆಂಡಿನ ಗಂಡಸರು ಉಡುವ, ಮೊಣಕಾಲುದ್ದದ ಚೌಕುಳಿ ಲಂಗ. ಅದನ್ನು ತರಿಸುವಷ್ಟು ಕೈ ಧಾರಾಳವಿಲ್ಲದ ಯೂಸ್ಟೇಸ್ ಪಕ್ಕದ ನಜ್ಮಾ ಬಡಾವಣೆಯ ದರ್ಜಿ ಮೂಸಬ್ಬನ ಹತ್ತಿರ ಹೊಲಿಸಿದ. ಮೂಸಬ್ಬ ಅಳತೆ ತೆಗೆಯುತ್ತಾ, "ಯೂಸ್ಟೇಸಣ್ಣ, ಬೇಜಾರು ಮಾಡ್ಬೇಡಿ, ಈ ಬಟ್ಟೆಯಲ್ಲಿ ನಾನು ಶಾಲೆ ಹುಡುಗಿಯರ ಯೂನಿಫಾರ್ಮ್ ಹೊಲಿಯುವುದು" ಎಂದ. ಆ ಮಾತು ಯೂಸ್ಟೇಸನಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಲಂಗವನ್ನು ಗಂಡಸಿನದನ್ನಾಗಿ ಮಾಡಲು ಒಂದೇ ದಾರಿ ಉಳಿದಿತ್ತು: ಚೂರಿ.

ಕಿಲ್ಟ್ ಉಟ್ಟವರು ಬಲಗಾಲಿನ ಕಾಲ್ಚೀಲದೊಳಗೆ ಪುಟ್ಟ ಚೂರಿ ಸಿಕ್ಕಿಸಿ, ಹಿಡಿ ಮಾತ್ರ ಕಾಣುವಂತೆ ಬಿಡುವುದು ರೂಢಿ. ತಂಡದ ನಾಯಕ ಗ್ಯಾವಿನ್, ಹುಟ್ಟಾ ಸ್ಕಾಟ್, ತನ್ನದನ್ನು ಎಲ್ಲರಿಗೂ ತೋರಿಸಿದ್ದ. ಒರೆಗೆ ಅಂಟಿಸಿದ ಬರೀ ಹಿಡಿ, ಒಳಗೆ ಅಲಗೇ ಇಲ್ಲ. ಈ ದೇಶದಲ್ಲಿ ಎಲ್ಲರೂ ಹೀಗೇ ಧರಿಸಬೇಕು, ಹೋಟೆಲಿನ ಬಾಗಿಲಲ್ಲಿ ತಪಾಸಣೆ ಇರುತ್ತದೆ ಎಂದು ಖಡಕ್ಕಾಗಿ ಹೇಳಿದ್ದ.

"ಸಾಹೇಬನಿಗೆ ಧೈರ್ಯ ಇಲ್ಲ" ಎಂದ ನಮ್ಮ ಶೂರ. ರಜೆಯಲ್ಲಿ ಊರಿಗೆ ಹೋದಾಗ ಕಮ್ಮಾರನಿಂದ ಅಸಲಿ ಚೂರಿಯನ್ನೇ ಮಾಡಿಸಿ, ಒಣಮೀನಿನ ಕಟ್ಟಿನೊಳಗಿಟ್ಟು ತಂದ. ಸಾಣೆ ಹಿಡಿದ ಅಲಗು, ಬೀಟೆಯ ಹಿಡಿ, ಚರ್ಮದ ಒರೆ, ಬಂಗುಡೆಯ ವಾಸನೆ.

ಸ್ಕಾಟ್‌ಲೆಂಡಿನ ಪಾಲಕ ಸಂತ ಆಂಡ್ರೂ ಹಬ್ಬದ ಸಂಜೆ ದೊಡ್ಡ ಹೋಟೆಲಿನಲ್ಲಿ ಕಾರ್ಯಕ್ರಮ. ಗ್ಯಾವಿನ್‌ನವರಿಗೆ ಅದು ವಿಸ್ಕಿಯ ನೆಪ. ಯೂಸ್ಟೇಸನಿಗೆ ಮಾತ್ರ ಊರಿನ ಇಗರ್ಜಿಯ ವಾರ್ಷಿಕ ಹಬ್ಬವಿದ್ದಂತೆ. ಸಂತರು ತನ್ನ ಕಡೆಯವರು, ಯಾರು ತಡೆಯುತ್ತಾರೆ ಎಂಬ ಭಂಡ ಧೈರ್ಯ.

ಹೆಂಡತಿ ಕ್ಯಾರೊಲ್‌ಗೆ ಆ ಧೈರ್ಯ ಇರಲಿಲ್ಲ. ಅವಳದೂ ಮಗಳು ನಟಾಶಾಳದೂ ವೀಸಾ ಗಂಡನ ಕೆಲಸಕ್ಕೆ ಕಟ್ಟಿಕೊಂಡಿತ್ತು. ಮಗಳಿಗೆ ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಹತ್ತಿರ ಬಂದಿತ್ತು. ಈ ಮನುಷ್ಯ ಚೂರಿಯೊಂದಿಗೆ ಸಿಕ್ಕಿಬಿದ್ದರೆ ಮೂವರೂ ಪೆಟ್ಟಿಗೆ ಕಟ್ಟಬೇಕು.

"ಮಾರಾಯ್ರೆ, ಅದೊಂದು ಇಲ್ಲೇ ಬಿಟ್ಟು ಹೋಗಿ. ಸಿಕ್ಕಿದ್ರೆ ಎಲ್ಲ ಖಲಾಸ್. ನಟಾಶಾನ ಪರೀಕ್ಷೆ ಉಂಟು."

"ನಿನಗೆ ಎಂತ ಗೊತ್ತುಂಟು ಕ್ಯಾರೊಲ್? ಚೂರಿ ಇಲ್ಲದಿದ್ರೆ ಇದು ಬರೀ ಸ್ಕರ್ಟ್!"

ಹಾಗೆಂದು ಸ್ನಾನಕ್ಕೆ ಹೋದ. ಬಾತ್‌ರೂಮಿನಿಂದ ಬ್ಯಾಂಡಿನ ತಾಳ ಕೇಳತೊಡಗಿತು.

ಊರ ಕಮ್ಮಾರರು ಹಿಡಿ ಕೂರಿಸುವುದು ಅರಗಿನಿಂದ, ಅದು ಬಿಸಿಗೆ ಸಡಿಲವಾಗುತ್ತದೆ ಎಂಬುದು ಮೀನು ಕೊಯ್ಯುವ ಮನೆಯ ಹೆಂಗಸರಿಗೆಲ್ಲ ಗೊತ್ತು. ಕ್ಯಾರೊಲ್ ಗ್ಯಾಸ್ ಹೊತ್ತಿಸಿದಳು. ಅಲಗಿನ ಬುಡ ಕಾಯಿಸಿ ಇಕ್ಕಳದಿಂದ ಎಳೆದಳು. ಹಿಡಿಯಲ್ಲಿ ಉಳಿದ ಬಿಸಿ ಅರಗನ್ನೇ ಒರೆಯ ಬಾಯಿಗೆ ಒತ್ತಿ ಅಂಟಿಸಿ, ಕಾಲ್ಚೀಲದೊಳಗೆ ಇಟ್ಟಳು. ಅವಳಿಗೆ ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು.

ಹೋಟೆಲಿನ ಬಾಗಿಲಲ್ಲಿ ಯಂತ್ರ ಕೂಗಿತು. ಕೂಗಿದ್ದು ಬೆಲ್ಟಿನ ಬಕಲ್ಲಿಗೆ. ಆದರೆ ಕಾವಲುಗಾರನ ಕಣ್ಣು ಕಾಲ್ಚೀಲದ ಮೇಲೆ ಬಿತ್ತು. "ಇದೇನು? ತೆಗೆಯಿರಿ" ಎಂದ. ಪಕ್ಕದಲ್ಲೇ ಸಮವಸ್ತ್ರದ ಪೊಲೀಸನೊಬ್ಬ ನಿಂತಿದ್ದ.

ಯೂಸ್ಟೇಸ್ ಪ್ಯಾಂಟು ಹಾಕಿದ್ದರೆ ಮಾನ ಉಳಿಯುತ್ತಿತ್ತು. ಉಟ್ಟಿದ್ದು ಕಿಲ್ಟ್ ಆದ್ದರಿಂದ ಎರಡು ಮೊಣಕಾಲುಗಳೂ ಗಡಗಡ ನಡುಗುವುದು ಸಾಲಿನಲ್ಲಿದ್ದವರಿಗೆಲ್ಲ ಕಂಡಿತು. ಹಿಂದೆ ನಿಂತಿದ್ದ ಕ್ಯಾರೊಲ್‌ಗೂ ಕಂಡಿತು. ಕಾವಲುಗಾರ ತಾನೇ ಬಗ್ಗಿ ಹಿಡಿ ಎಳೆದ. ಒರೆಸಮೇತ ಬಂತು. ಜಗ್ಗಿದ, ತಿರುಚಿದ, ಅಲುಗಾಡಿಸಿದ. ಅಲಗು ಬರಲಿಲ್ಲ.

ಗ್ಯಾವಿನ್ ಹತ್ತಿರ ಬಂದು ಯೂಸ್ಟೇಸನ ಬೆನ್ನು ತಟ್ಟಿದ. "ಹೇಳಿದ ಮಾತು ಕೇಳಿದ್ದು ನೀನೊಬ್ಬನೇ" ಎಂದು ಇಂಗ್ಲಿಷಿನಲ್ಲಿ ಹೊಗಳಿದ.

"ಯೆಸ್ ಸರ್. ಸೇಫ್ಟಿ ಫಸ್ಟ್" ಎಂದ ಯೂಸ್ಟೇಸ್. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಈಗ ಮಂಗಳೂರಿನವರ ಯಾವ ಕೂಟಕ್ಕೆ ಹೋದರೂ ಅವನದು ಅದೇ ಪ್ರವಚನ: ಕಿಲ್ಟ್ ಉಟ್ಟು ಆಯುಧವನ್ನು ಕಾನೂನುಬದ್ಧವಾಗಿ ಧರಿಸುವುದು ಹೇಗೆ, ಅಲಗನ್ನು ತಾನು ಮೊದಲೇ ಹೇಗೆ ತೆಗೆಸಿದ್ದೆ. ಕ್ಯಾರೊಲ್ ಪಕ್ಕದಲ್ಲಿ ಕೂತು ಕಟ್ಲೆಟ್ ತಿನ್ನುತ್ತಾಳೆ. ನಟಾಶಾಳ ಪರೀಕ್ಷೆ ಸುಸೂತ್ರವಾಗಿ ಮುಗಿಯಿತು.

ಅಲಗು ಎಲ್ಲಿಗೆ ಹೋಯಿತೆಂದು ಅವನು ಇದುವರೆಗೆ ಕೇಳಿಲ್ಲ. ಕೇಳಿದರೆ ತಾನು ತೆಗೆಸಲಿಲ್ಲ ಎಂದು ಒಪ್ಪಿಕೊಂಡಂತೆ. ಅದು ಅಡುಗೆಮನೆಯಲ್ಲೇ ಇದೆ, ಪ್ಲಾಸ್ಟಿಕ್ ಹಿಡಿ ಹಾಕಿಸಿಕೊಂಡಿದೆ. ಶುಕ್ರವಾರ ಕ್ಯಾರೊಲ್ ಅದರಲ್ಲಿ ಬಂಗುಡೆ ಕೊಯ್ಯುವಾಗ ಅವನು ಅತ್ತ ನೋಡದೆ ಟಿವಿಯ ಶಬ್ದ ಜೋರು ಮಾಡುತ್ತಾನೆ. ಊಟಕ್ಕೆ ಕರೆದರೆ ಮಾತ್ರ ತಕ್ಷಣ ಬರುತ್ತಾನೆ.