ಒಂದೇ ಒಂದು ಕೋಡು

ನಮ್ಮ ಆಸ್ಪತ್ರೆಯ ಲಿಫ್ಟ್ ನಡೆಸುವವನನ್ನು ಎಲ್ಲರೂ ಕೋಡಣ್ಣ ಎನ್ನುತ್ತಾರೆ. ಆ ಹೆಸರಿಟ್ಟ ಪುಣ್ಯಾತ್ಗಿತ್ತಿ ನಾನೇ. ಲಿಫ್ಟಿನ ಎದುರಿಗೇ ನನ್ನ ಟೋಕನ್ ಕೌಂಟರ್. ಆರು ವರ್ಷದಿಂದ ನೋಡುತ್ತಿದ್ದೇನೆ, ಆ ಮನುಷ್ಯ ಒಂದು ಗಳಿಗೆ ಸುಮ್ಮನಿದ್ದದ್ದು ಕಂಡಿಲ್ಲ. ಬಲಗೈ ಲಿಫ್ಟಿನ ಗುಂಡಿಗೆ, ಎಡಗೈ ಫೋನಿಗೆ. ಕೂರಲು ಸ್ಟೂಲು ಕೊಟ್ಟಿದ್ದರೂ ಮುಳ್ಳಿನ ಮೇಲೆ ಕೂತವನಂತೆ ಚಡಪಡಿಸುತ್ತಿರುತ್ತಾನೆ.

ಫೋನಿನಲ್ಲಿ ಬಹುಮಾನ ಕೊಡುವ ಹನ್ನೊಂದು ಆ್ಯಪ್‌ಗಳು. ದಿನಾ ಒಂದೊಂದನ್ನೂ ತೆರೆದು ಹಾಜರಿ ಹಾಕಬೇಕು. ಒಂದು ದಿನ ತಪ್ಪಿದರೆ ಕೂಡಿಟ್ಟ ಪಾಯಿಂಟೆಲ್ಲ ನೀರುಪಾಲು. ಮಗಳು ಹುಟ್ಟಿದಾಗ ನರ್ಸು ಮಗು ತಂದು ತೋರಿಸಿದರೆ, "ಒಂದ್ನಿಮಿಷ ಸಿಸ್ಟರ್, ಇನ್ನೊಂದೇ ಬಾಕಿ" ಎಂದ ಮಹಾನುಭಾವ ಇವನು.

ಹಾಜರಿಗಿಂತ ದೊಡ್ಡ ಲಾಭ ಹೊಸಬರನ್ನು ಸೇರಿಸುವುದರಲ್ಲಿ. ಅವರು ಆ್ಯಪ್ ಹಾಕಿಕೊಂಡು ಇವನ ಕೋಡ್ ಒತ್ತಿದರೆ ಇವನಿಗೊಂದು ಬಹುಮಾನ. ಕೋಡ್ ಎನ್ನಲು ನಾಲಿಗೆ ತಿರುಗದು, ಕೋಡು ಎನ್ನುತ್ತಾನೆ. "ತಲೆ ಮೇಲೆ ಎರಡು ಕೋಡು ಮೂಡೋದೊಂದು ಬಾಕಿ ನಿಮಗೆ" ಎಂದು ಹೆಂಡತಿ ಮೂದಲಿಸುತ್ತಾಳೆ. ಅವಳೂ ಇಲ್ಲೇ, ಬಟ್ಟೆ ಒಗೆಯುವ ವಿಭಾಗದಲ್ಲಿ. ಇಬ್ಬರ ಸಂಬಳದಲ್ಲಿ ಉಣ್ಣುವುದಕ್ಕೆ ಉಡುವುದಕ್ಕೆ ಯಾವ ಕೊರತೆಯೂ ಇಲ್ಲ. ಗಳಿಸಿದ್ದಾದರೂ ಏನು? ಗಾಳಿ ಬೀಸಿದರೆ ಮಗುಚಿಕೊಳ್ಳುವ ಕೊಡೆ, ಹೊತ್ತದ ಟಾರ್ಚು, ನಮ್ಮೂರಲ್ಲಿ ಇಲ್ಲವೇ ಇಲ್ಲದ ಅಂಗಡಿಯ ರಿಯಾಯಿತಿ ಚೀಟಿ.

"ಯಾಕಣ್ಣ ಈ ಒದ್ದಾಟ?" ಎಂದು ಒಮ್ಮೆ ಕೇಳಿದ್ದೆ.

"ದಿನವಿಡೀ ಮೇಲೆ ಕೆಳಗೆ ಓಡಾಡ್ತೀನಿ ತಂಗಿ, ಎಲ್ಲೂ ತಲುಪಲ್ಲ. ಇದ್ರಲ್ಲಾದ್ರೂ ಬೆಳ್ಳಿಯಿಂದ ಚಿನ್ನಕ್ಕೆ ಅಂತ ಒಂದೊಂದೇ ಮೆಟ್ಲು ಏರ್ತೀನಲ್ಲ."

ನಗಬೇಕೋ ಮರುಗಬೇಕೋ ತಿಳಿಯದೆ ನಾನೂ ನಾಲ್ಕು ಆ್ಯಪ್ ಹಾಕಿಕೊಂಡೆ.

ಹೋದ ತಿಂಗಳು ರೋಗಿಯೊಬ್ಬರು, ಲಿಫ್ಟಿನಲ್ಲಿ ಇವನ ಕಾಟ ತಡೆಯಲಾಗದೆಂದು ದೂರು ಕೊಟ್ಟರು. ಮ್ಯಾನೇಜರು ಕರೆಸಿ, "ಇನ್ನೊಂದ್ಸಲ ಲಿಫ್ಟಲ್ಲಿ ಕೋಡು ಗೀಡು ಅಂದ್ಯೋ, ಅವತ್ತೇ ಮನೆಗೆ ಹೋಗು" ಎಂದು ಖಡಾಖಂಡಿತವಾಗಿ ಹೇಳಿದರು. ಹನ್ನೆರಡು ದಿನ ಬಾಯಿ ಹೊಲಿದುಕೊಂಡಿದ್ದ. ಹದಿಮೂರನೆಯ ದಿನ ಒಂದು ಆ್ಯಪಿನ ಚಿನ್ನದ ಮೆಟ್ಟಿಲಿಗೆ ಹೊಸಬರು ಒಬ್ಬರೇ ಒಬ್ಬರು ಕಡಿಮೆ ಬಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಗಡುವು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ನಾನು ಫೈಲು ಹಿಡಿದು ಮೇಲೆ ಹೊರಟಿದ್ದೆ. ಅಜ್ಜಿಯೊಬ್ಬರು ಒಳಬಂದರು, ಅವರ ಯಜಮಾನರು ನಾಲ್ಕನೆಯ ಮಹಡಿಯ ವಾರ್ಡಿನಲ್ಲಿದ್ದರು. ಅಜ್ಜಿಗೆ ಕಿವಿ ಮಂದ. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಹೊಸ ಫೋನು. ಅದನ್ನು ಕಂಡದ್ದೇ ತಡ, ಕೋಡಣ್ಣನ ಕಾಲು ನೆಲದ ಮೇಲೆ ನಿಲ್ಲದಾಯಿತು. ನಾನು ಕಣ್ಣು ಕೆಕ್ಕರಿಸಿದೆ. ಎರಡನೆಯ ಮಹಡಿ ದಾಟುತ್ತಲೇ ಫೋನಿಗಾಗಿ ಕೈಚಾಚಿ, "ಕೋಡು ಅಮ್ಮಾ, ಒಂದೇ ಒಂದು ಕೋಡು" ಎಂದ.

ಅಜ್ಜಿ ಅವನ ಮುಖವನ್ನೇ ನೋಡಿದರು. ಚೀಲ ಬಿಚ್ಚಿ, ಚಾಚಿದ ಕೈಯಲ್ಲಿ ಒಂದು ಕಿತ್ತಳೆ ಹಣ್ಣಿಟ್ಟು ಇಳಿದುಹೋದರು.

ಅವರಿಗೆ 'ಕೊಡು' ಎಂದು ಕೇಳಿಸಿತ್ತು. ನಾನು ಐದನೆಯ ಮಹಡಿಯವರೆಗೂ ಬಿದ್ದು ಬಿದ್ದು ನಕ್ಕೆ. ಅವನಿಗೆ ನಗಲು ಪುರುಸೊತ್ತೆಲ್ಲಿ? "ಇನ್ನೂ ಎಂಟು ನಿಮಿಷ ಇದೆ ತಂಗಿ" ಎಂದು ಮತ್ತೆ ಕೆಳಗಿನ ಗುಂಡಿ ಒತ್ತಿದ. ಆ ಎಂಟು ನಿಮಿಷದಲ್ಲಿ ಯಾರೂ ಸಿಗಲಿಲ್ಲ.

ನನ್ನ ನಗು ಮೂರು ಗಂಟೆಗೆ ಇಳಿಯಿತು. ಅಜ್ಜಿ ನಡೆದದ್ದನ್ನು ಅಳಿಯನಿಗೆ ಹೇಳಿದ್ದರು. ಅವನು ಮ್ಯಾನೇಜರ ಕೋಣೆಗೆ ನುಗ್ಗಿ, "ನಿಮ್ಮ ಲಿಫ್ಟಿನವನು ಭಿಕ್ಷೆ ಬೇಡ್ತಾನೆ! ಇದೇನು ಆಸ್ಪತ್ರೆನಾ?" ಎಂದು ಕೂಗಾಡಿದ. ಕೋಡಣ್ಣನಿಗೆ ಕರೆ ಬಂತು, ಜೊತೆಗಿದ್ದವಳೆಂದು ನನಗೂ.

ಅವನಿಗೆ ಹಿಂದೆಯೂ ದಾರಿಯಿಲ್ಲ, ಮುಂದೆಯೂ ಇಲ್ಲ. 'ಕೊಡು' ಎಂದೆನೆಂದು ಒಪ್ಪಿದರೆ ಭಿಕ್ಷೆ. 'ಕೋಡು' ಎಂದೆನೆಂದರೆ ಎಚ್ಚರಿಕೆ ಮೀರಿದ ತಪ್ಪು. ಯಾವುದನ್ನು ಹೇಳಿದರೂ ಕೆಲಸ ಹೋಗುವುದೇ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಮ್ಯಾನೇಜರು ಅಜ್ಜಿಯನ್ನು ಕರೆಸಿ ಗಟ್ಟಿಯಾಗಿ ಕೇಳಿದರು: "ಅಮ್ಮಾ, ಇವನು ನಿಮ್ಮ ಹತ್ರ ಏನಾದ್ರೂ ಕೇಳಿದ್ನಾ?"

ಅಜ್ಜಿ ಕೋಡಣ್ಣನತ್ತ ನೋಡಿದರು.

"ಇಲ್ಲಪ್ಪ, ಏನೂ ಕೇಳ್ಲಿಲ್ಲ. ನಾನೇ ಕೊಟ್ಟೆ. ಅಳಿಯಂದ್ರಿಗೆ ನಾನು ಸರಿಯಾಗಿ ಹೇಳ್ಲಿಲ್ಲ ಅಷ್ಟೇ."

ಅಳಿಯನ ಮುಖ ಇಂಗು ತಿಂದ ಮಂಗನಂತಾಯಿತು. ಕೆಲಸ ಉಳಿಯಿತು.

ಅಜ್ಜಿಯನ್ನು ವಾರ್ಡಿಗೆ ಬಿಡಲು ನಾವು ಮೂವರೂ ಲಿಫ್ಟ್ ಹತ್ತಿದೆವು. ಬಾಗಿಲು ಮುಚ್ಚುತ್ತಲೇ ಅಜ್ಜಿ ಅವನ ಭುಜದ ಮೇಲೆ ಕೈಯಿಟ್ಟರು. ಪಿಸುಗುಟ್ಟುತ್ತಿದ್ದೇನೆಂದು ಅವರ ಎಣಿಕೆ, ಆದರೆ ದನಿ ಲಿಫ್ಟಿನ ತುಂಬ ಕೇಳಿಸಿತು.

"ಮನೇಲಿ ಊಟಕ್ಕೆ ತುಂಬಾ ಕಷ್ಟವಾ, ಮಗಾ?"

ಅವನು ನನ್ನ ಕಡೆ ನೋಡಿದ. ನಿಜ ಹೇಳಲು ನಾಲ್ಕು ಮಹಡಿಗಳಷ್ಟು ಸಮಯವಿತ್ತು. ಕಿವಿಯ ತುದಿಯವರೆಗೂ ಅವನ ಮುಖ ಕೆಂಪೇರಿತು.

"ಹೌದಮ್ಮ" ಎಂದ. "ಕಷ್ಟ."

"ನಾಳೆಯಿಂದ ನಮ್ಮೆಜಮಾನ್ರಿಗೆ ತರೋವಾಗ ನಿಂಗೂ ಒಂದು ತುತ್ತು ತರ್ತೀನಿ, ಬಿಡು."

ಯಜಮಾನರು ಗುಣವಾಗಿ ಮನೆಗೆ ಹೋಗುವವರೆಗೆ ಎಂಟು ದಿನ ತಂದರು. ಕೋಡಣ್ಣ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯನ್ನು ನನ್ನ ಕೌಂಟರಿನ ಕೆಳಗೆ ಬಚ್ಚಿಟ್ಟು, ಎಂಟು ದಿನವೂ ಆ ಅಜ್ಜಿಯ ಎದುರಿಗೆ ಕೂತು, ಹಸಿದವನಂತೆ ತಿಂದ.