ಫ್ಯಾಮಿಲಿ ರೂಮಿನ ಪರದೆ

ನಮ್ಮವರಿಗೆ ಜ್ವರ ಬಿಟ್ಟಿತು, ಆದರೆ ಹಸಿವು ತಿರುಗಿ ಬರಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ರಕ್ತ ತೆಗೆದು ನೋಡಿದರು, ಒಳಗೆ ಏನೂ ಕೆಟ್ಟಿಲ್ಲ ಎಂದರು. "ಉಣ್ಣಬೇಕು, ಅಷ್ಟs. ಸೋಮವಾರ ಮತ್ತ ತೂಕ ನೋಡ್ತೇನಿ. ಇನ್ನೂ ಇಳಿದಿದ್ರ ಮೂಗಿನಾಗ ನಳಿಗಿ ಹಾಕಿ ಗಂಜಿ ಬಿಡಬೇಕಾಕ್ಕೈತಿ ನೋಡ್ರಿ" ಎಂದರು. ರಿಕ್ಷಾದಲ್ಲಿ ಕೂತ ಮೇಲೆ ನಮ್ಮವರು ಹೇಳಿದರು: "ಮೂಗಿಲೆ ಉಣ್ಣೂದಾದ್ರ ನಾ ಊರಿಗೆ ಹೋಗಿ ಮಲ್ಕೋತೇನಿ. ನಳಿಗಿ ಗಿಳಿಗಿ ನನಗ ಬ್ಯಾಡ."

ಅವರು ಹೇಳಿದ್ದನ್ನು ಮಾಡುವ ಮನುಷ್ಯ. ಊರಿಗೆ ಹೋಗಿ ಮಲಗುತ್ತೇನೆ ಎಂದರೆ ಮತ್ತೆ ಏಳುವುದಿಲ್ಲ ಎಂದು ಅರ್ಥ. ಸೋಮವಾರದೊಳಗೆ ಅವರ ಹೊಟ್ಟೆಗೆ ಅನ್ನ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು.

ನಾವು ಇಳಿದುಕೊಂಡಿದ್ದು ಹುಬ್ಬಳ್ಳಿಯ ಮಗಳ ಮನೆಯಲ್ಲಿ. ಅಡುಗೆಗೆ ಅಲ್ಲಿ ಏನೂ ಕಡಿಮೆ ಇರಲಿಲ್ಲ. ಆದರೆ ಅವರು ತಾಟಿನ ಮುಂದೆ ಕೂತ ಕೂಡಲೇ ಮಗಳು, ಅಳಿಯ, ಮೊಮ್ಮಗಳು, ನಾನು ಎಲ್ಲರೂ ಸುತ್ತ ನಿಂತು ಅವರ ಬಾಯನ್ನೇ ನೋಡುತ್ತಿದ್ದೆವು. ಬೇನೆ ಬಿದ್ದ ಎತ್ತು ಮೇವು ಮುಟ್ಟಿತೋ ಇಲ್ಲವೋ ಎಂದು ನೋಡುವ ಹಾಗೆ. ಎರಡು ತುತ್ತು ಉಂಡು ತಾಟಿನಲ್ಲೇ ಕೈ ತೊಳೆದು ಎದ್ದುಬಿಡುತ್ತಿದ್ದರು.

ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳೇ ಹಾದಿ ತೋರಿಸಿದಳು. "ಆಯಿ, ಅಜ್ಜನ್ನ ಹೊರಗ ಕರ್ಕೊಂಡು ಹೋಗು. ನೀವಿಬ್ರs ಹೋಗ್ರಿ. ಎಲ್ಲಿ ಛಲೋ ಐತಿ ನಾ ಹುಡುಕ್ತೇನಿ" ಎಂದು ಮೊಬೈಲು ತಿಕ್ಕತೊಡಗಿದಳು. "ಇದು ನೋಡು, ಭಾಳ ರೊಮ್ಯಾಂಟಿಕ್ ಐತಂತ."

"ಹಂಗಂದ್ರ?"

"ಹಂಗಂದ್ರ... ಗಂಡ ಹೆಂಡ್ತಿ ಇಬ್ರs ಕುಂತು, ಮಾತಾಡಕೋತ, ಸಾವಕಾಶ ಉಣ್ಣೂದು."

"ಮಾತಾಡಕೋತ ಉಂಡ್ರ ನೆತ್ತಿಗೆ ಏರೂದಿಲ್ಲೇನ?"

"ಯವ್ವಾ, ನೀ ಸುಮ್ನ ಹೋಗು ಮಾರಾಯ್ತಿ!"

ಹೋದೆವು. ಆ ಹೋಟೆಲಿನಲ್ಲಿ ಮಟಮಟ ಮಧ್ಯಾಹ್ನ ಕತ್ತಲೆ. ಮೇಜಿನ ಮೇಲೆ ಒಂದು ಮೇಣದಬತ್ತಿ. ನಮ್ಮವರು ಕರಿ ಬಟ್ಟೆಯ ಸಪ್ಲೈಯರನನ್ನು ಕರೆದು, "ತಮ್ಮಾ, ಕರೆಂಟ್ ಯಾವಾಗ ಬರ್ತೈತಿ?" ಎಂದು ಕೇಳಿದರು.

"ಕರೆಂಟ್ ಐತ್ರಿ ಯಜಮಾನ್ರ. ಇಲ್ಲೆ ಹಿಂಗs ಇರ್ತೈತಿ."

"ಇದ್ದೂ ಯಾಕ ಹಚ್ಚಿಲ್ಲ?"

ಅವನು ನಕ್ಕು ಹೋದ. ನಮ್ಮಿಬ್ಬರನ್ನೂ ಒಂದೇ ಮೆತ್ತನೆಯ ಸೋಫಾದ ಮೇಲೆ ಪಕ್ಕಪಕ್ಕ ಕೂರಿಸಿದ್ದರು, ಆರತಿಗೆ ಕೂರಿಸಿದ ಮದುಮಕ್ಕಳ ಹಾಗೆ. ಅವರ ಮುಖ ನನಗೆ ಕಾಣಿಸದು, ನನ್ನದು ಅವರಿಗೆ ಕಾಣಿಸದು. ಆಮೇಲೆ ಗಂಗಾಳದಷ್ಟು ದೊಡ್ಡ ಬಿಳಿ ಪ್ಲೇಟು ಬಂತು. ಊಟ ನಡುವೆ ಒಂದು ಹಿಡಿ.

"ದೇವರಿಗೆ ಎಡಿ ಹಿಡಿದಾರೇನು?" ಎಂದರು ನಮ್ಮವರು.

ಎಡೆಯನ್ನು ದೇವರು ಎಲ್ಲಿ ಉಣ್ಣುತ್ತಾನೆ? ಅವರೂ ಉಣ್ಣಲಿಲ್ಲ. ಅನ್ನ ಬಿಟ್ಟು ಏಳಬಾರದು ಎಂದು ಎರಡೂ ಪ್ಲೇಟು ನಾನೇ ಮುಗಿಸಿದೆ.

ಮರುದಿನ ಮೊಮ್ಮಗಳ ಮೊಬೈಲು ಬಿಟ್ಟು ರಿಕ್ಷಾದವನನ್ನು ಕೇಳಿದೆ. ಅವನು ಒಂದು ಹಳೆಯ ಖಾನಾವಳಿಯ ಮುಂದೆ ಇಳಿಸಿದ. ರೊಟ್ಟಿ ಬಡಿಯುವ ಸಪ್ಪಳ ಬೀದಿಗೆ ಕೇಳುತ್ತಿತ್ತು. ಎಣ್ಣೆಗಾಯಿಯ ವಾಸನೆಗೆ ನಮ್ಮವರ ಮೂಗು ಮೇಲಾಯಿತು. ಇಲ್ಲಿ ಕೆಲಸ ಆಯಿತು ಎಂದುಕೊಂಡೆ. ಒಳಗೆ ಕಾಲಿಟ್ಟ ಕೂಡಲೇ ಅವರು ಮೂಲೆಯ ಪರದೆ ತೋರಿಸಿ, "ನೀ ಅಲ್ಲಿ ಹೋಗು" ಎಂದರು. ನಾನೂ ಹೋದೆ.

ಇದನ್ನು ಬಿಡಿಸಿ ಹೇಳಬೇಕು. ನಮ್ಮ ಕಡೆ ಗಂಡಸರು ಹೆಂಡತಿಯನ್ನು ತೋರಿಸಿ "ಇಕಿ ನಮ್ಮ ಫ್ಯಾಮಿಲಿ" ಎನ್ನುತ್ತಾರೆ. ಹೋಟೆಲುಗಳಲ್ಲಿ ಪರದೆ ಕಟ್ಟಿದ ಒಂದು ಕೋಣೆ ಇರುತ್ತದೆ, ಅದಕ್ಕೆ ಫ್ಯಾಮಿಲಿ ರೂಮ್ ಎನ್ನುತ್ತಾರೆ. ಫ್ಯಾಮಿಲಿ ಎಂದರೆ ಹೆಂಡತಿ ಎಂದಾದ ಮೇಲೆ ಫ್ಯಾಮಿಲಿ ರೂಮ್ ಎಂದರೆ ಹೆಂಡಂದಿರ ಕೋಣೆ. ನಾವು ಹಾಗೇ ತಿಳಿದಿದ್ದೆವು. ಹಿರೇಕೆರೂರಿಗೆ ಜಮೀನಿನ ಕಾಗದಕ್ಕೆ ಹೋದಾಗ, ಸವಣೂರಿಗೆ ವೀಳ್ಯದೆಲೆ ತರಲು ಹೋದಾಗ, ಹುಲಗೂರ ದರ್ಗಾಕ್ಕೆ ಹರಕೆ ಮುಟ್ಟಿಸಲು ಹೋದಾಗ, ಹಾನಗಲ್ಲಿನಲ್ಲಿ ಮಗಳ ಮದುವೆಯ ಬಟ್ಟೆ ತೆಗೆದ ದಿನ, ಎಲ್ಲ ಕಡೆಯೂ ಇದೇ. ನಾನು ಮಕ್ಕಳನ್ನು ಕಟ್ಟಿಕೊಂಡು ಪರದೆಯ ಒಳಗೆ, ಅವರು ಹೊರಗೆ ಬೆಂಚಿನ ಮೇಲೆ. ಬೇರೆ ಮನೆಯ ಗಂಡಸರು ಒಳಗೆ ಬಂದು ಕೂರುವುದನ್ನು ನೋಡಿದ್ದೆ. ಪಾಪ, ಹೆಂಡತಿಗೆ ಹುಡುಗರನ್ನು ಹಿಡಿಯಲು ಆಗುವುದಿಲ್ಲ, ಅದಕ್ಕೆ ಬಂದಿದ್ದಾನೆ ಎಂದುಕೊಳ್ಳುತ್ತಿದ್ದೆ.

ಮನೆಯಲ್ಲಂತೂ ಅವರು ಉಣ್ಣುವಾಗ ನಾನು ನಿಂತು ಬಡಿಸಬೇಕು. ಅವರು ಎದ್ದ ಮೇಲೆ ನಾನು ಕೂರಬೇಕು. ಅಷ್ಟರಲ್ಲಿ ಅವರು ಹೊಲದ ಹಾದಿ ಹಿಡಿದಿರುತ್ತಿದ್ದರು.

ಆ ದಿನ ಪರದೆಯ ಒಳಗೆ ನಾನು ಹೊಟ್ಟೆ ತುಂಬ ಉಂಡೆ. ಹೊರಗೆ ಬಂದು ನೋಡಿದರೆ ಅವರ ತಾಟು ಇಟ್ಟ ಹಾಗೇ ಇತ್ತು. ರೊಟ್ಟಿಯ ಅಂಚು ಸಹ ಮುರಿದಿರಲಿಲ್ಲ. ಎದುರಿಗೆ ಯಾರೋ ಮೀಸೆಯವನು ಗಬಗಬ ಉಣ್ಣುತ್ತಿದ್ದ.

"ಮುಗೀತೇನು ನಿಂದು?" ಎಂದರು.

"ನಂದು ಮುಗೀತು. ನಿಮ್ಮದು ಸುರೂನs ಆಗಿಲ್ಲಲ್ಲ?"

"ಒಬ್ಬಾಂವ ಕುಂತೆ. ಸೇರ್ಲಿಲ್ಲ."

ನನಗೆ ಸಿಟ್ಟು ಬಂತು. "ಸಣ್ಣ ಹುಡುಗರಾದ್ರಿ ನೀವು. ಒಬ್ಬಾಂವ ಅಂತ. ಇಷ್ಟು ದಿನಾ ಯಾರು ಕುಂದರ್ತಿದ್ರು ನಿಮ್ಮ ಜೋಡಿ?" ಎಂದು ಬೀದಿಯಲ್ಲೇ ಬೈದೆ. ಬೈದ ಮೇಲೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಜ್ವರದಲ್ಲಿ ಮಲಗಿದ್ದಾಗ ಹಗಲೆಲ್ಲ ಅವರ ಪಕ್ಕ ಯಾರಾದರೂ ಇರುತ್ತಿದ್ದರು. ಆ ರೂಢಿ ಬಿದ್ದಿತ್ತೋ ಏನೋ. ಸಂಜೆ ಅವರು ಧೋತರ ಮಡಚಿ ಚೀಲಕ್ಕೆ ತುಂಬಿದರು. ಊರಿಗೆ ಹೋಗುವ ಹಿರೇಕೆರೂರ ಬಸ್ಸು ಎಷ್ಟಕ್ಕೆ ಎಂದು ಅಳಿಯನನ್ನು ಕೇಳಿದರು. ಅಳಿಯ ನನ್ನ ಮುಖ ನೋಡಿದ. ನಾನು ತಲೆ ಅಲ್ಲಾಡಿಸಿದೆ, ಹೇಳಬೇಡ ಎಂದು.

ಶನಿವಾರ ಮತ್ತೆ ಹೊರಡಿಸಿದೆ. ನನಗೆ ಅಕ್ಷರ ಕೂಡಿಸಲು ಹೊತ್ತು ಬೇಕು. ರಿಕ್ಷಾ ಗದ್ದಲದಲ್ಲಿ ಸಿಕ್ಕಿಕೊಂಡಿದ್ದರಿಂದ ಒಂದು ಬೋರ್ಡು ಪೂರ್ತಿ ಗಟ್ಟಿಯಾಗಿ ಓದಿದೆ. ಫ್ಯಾಮಿಲಿ ಖಾನಾವಳಿ. ಒಳಗೆ ಬೆಳಕಿತ್ತು. ಪರದೆ ಇರಲಿಲ್ಲ, ಕೋಣೆ ಇರಲಿಲ್ಲ, ಬರೀ ಎದುರುಬದುರು ಕುರ್ಚಿ ಹಾಕಿದ ಮೇಜುಗಳು. ಇಳಿದೆವು. ನಮ್ಮವರು ಬಾಗಿಲಲ್ಲೇ ನಿಂತರು.

"ನೀ ಹೋಗಿ ಉಂಡು ಬಾ. ನಾ ಇಲ್ಲೆ ಕಟ್ಟಿ ಮ್ಯಾಲ ಕುಂದರ್ತೇನಿ."

"ಯಾಕ್ರಿ?"

"ಬೋರ್ಡ್ ನೀನs ಓದಿದೆಲ್ಲ, ಫ್ಯಾಮಿಲಿದು ಅಂತ."

ಗಲ್ಲೆಯ ಮೇಲೆ ಕೂತಿದ್ದ ಹೆಂಗಸು ಅಲ್ಲಿಂದಲೇ ಕೂಗಿದಳು: "ಅಜ್ಜಾರ, ಒಳಗ ಬರ್ರಿ. ಬಾಗಲದಾಗ ನಿಂತ್ರ ಗಿರಾಕಿ ಹೆಂಗ ಬರಬೇಕು?"

"ಗಣಮಕ್ಕಳಿಗೆ ಎಲ್ಲೈತಿ ಜಾಗಾ?"

"ಎಲ್ಲಾ ಕಡೆ ಐತಿ. ಫ್ಯಾಮಿಲಿ ಅಂದ್ರ ನೀವೂ ಬಂದ್ರಿ ಅದರಾಗ."

"ನಾ ಹೆಂಗ ಬಂದೆ?" ನಮ್ಮವರು ನನ್ನ ಕಡೆ ಬೆರಳು ಮಾಡಿದರು. "ಫ್ಯಾಮಿಲಿ ಇಕಿ."

"ಹಂಗಾರ ನೀವು ಅಕಿಗೇನು, ಬಾಜೂ ಮನಿಯವ್ರೇನು?"

ಉಣ್ಣುತ್ತಿದ್ದವರೆಲ್ಲ ನಕ್ಕರು. ನಗುವಿನಿಂದ ತಪ್ಪಿಸಿಕೊಳ್ಳಲು ಅವರು ಸರಸರ ಬಂದು ಕೂತರು. ನಾನು ಎದುರಿಗೆ ಕೂತೆ.

ತಾಟು ಬಂದವು. ನನ್ನ ಕೈ ತಾನಾಗಿಯೇ ಪಲ್ಯದ ಬಟ್ಟಲಿಗೆ ಹೋಯಿತು, ನಾನು ಎದ್ದು ನಿಂತೆ. "ಅವ್ವಾರ, ಕುಂದರ್ರಿ. ಬಡಸಾಕ ನಾವು ಅದೇವಿ" ಎಂದು ಆ ಹೆಂಗಸು ಗದರಿದಳು. ಕೂತೆ. ಕೈಗೆ ಬೇರೆ ಕೆಲಸ ಇರಲಿಲ್ಲ, ಉಣ್ಣಲು ಹಿಡಿದೆ. ರೊಟ್ಟಿ ಮುರಿದೆ, ಕಡಲೆ ಹಿಟ್ಟಿನ ಝುಣಕ ಹಚ್ಚಿಕೊಂಡೆ, ಹಸಿ ಮೆಣಸಿನಕಾಯಿ ಕಟುಮ್ ಎಂದು ಕಡಿದೆ. ತಲೆ ಎತ್ತಿದರೆ ಅವರು ನನ್ನನ್ನೇ ನೋಡುತ್ತಿದ್ದರು.

"ಏನ್ ನೋಡಾಕತ್ತೀರಿ?"

"ನೀ ಮೆಣಸಿನಕಾಯಿ ಹಿಂಗ ಹಸೇದs ಕಡೀತೀಯೇನು?"

"ನಿಮ್ಮ ಮನಿಗೆ ಬರೂದಕ್ಕಿಂತ ಮೊದಲಿಂದ್ಲೂ."

"ನಾ ನೋಡs ಇಲ್ಲ."

"ನೋಡಾಕ ನೀವೆಲ್ಲಿದ್ರಿ? ನಾ ಕುಂದ್ರೂದ್ರಾಗ ನೀವು ಎದ್ದಿರ್ತಿದ್ರಿ."

ನಾನು ಎರಡನೆಯ ಮೆಣಸಿನಕಾಯಿ ಕಡಿದೆ. ಅವರು, "ಎಲ್ಲಿ, ಒಂದು ಕೊಡು ಇಲ್ಲೆ" ಎಂದು ಕೈ ಚಾಚಿದರು. ಕಡಿದರು. ಕಣ್ಣಲ್ಲಿ ಮೂಗಲ್ಲಿ ನೀರು ಬಂತು. ಖಾರ ತಾಳಲಾರದೆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡರು, ಮೊಸರು ಹಾಕಿಸಿಕೊಂಡರು, ಮತ್ತೆ ರೊಟ್ಟಿ. ನಾನು ಅವರ ತಾಟು ನೋಡದ ಹಾಗೆ ನನ್ನದನ್ನು ಉಣ್ಣುತ್ತಿದ್ದೆ. ನೋಡಿದರೆ ನಿಲ್ಲಿಸುತ್ತಾರೆ ಎಂದು ಗೊತ್ತಿತ್ತು. ಅವರ ರೊಟ್ಟಿ ಮುಗಿಯಿತು. ನನ್ನದು ಇನ್ನೂ ಇತ್ತು. ಅವರು ಏಳಲಿಲ್ಲ.

ಇದಕ್ಕೆ ಪ್ರೀತಿ ಗೀತಿ ಎಂದು ಹೆಸರಿಡಲು ನನಗೆ ಬರುವುದಿಲ್ಲ. ಊಟದ ಸುದ್ದಿ ಕೇಳಿ ಮೊಮ್ಮಗಳು ಇಟ್ಟಳು, ಅದು ಅವಳ ಪಾಡು. ನನಗೆ ತಿಳಿದದ್ದು ಇಷ್ಟು: ಹಸಿವು ಆಕಳಿಕೆ ಇದ್ದ ಹಾಗೆ, ಎದುರಿನವರಿಂದ ಹತ್ತುತ್ತದೆ. ನಿಂತು ಬಡಿಸುವವರಿಂದ ಹತ್ತುವುದಿಲ್ಲ. ನಿಂತವರು ಪಹರೆಯವರಿದ್ದ ಹಾಗೆ, ಅವರ ಮುಂದೆ ಉಣ್ಣುವವನು ಬೇಗ ಮುಗಿಸಿ ತಪ್ಪಿಸಿಕೊಳ್ಳಲು ನೋಡುತ್ತಾನೆ. ನಾನು ಇಷ್ಟು ವರ್ಷ ಚೆನ್ನಾಗಿ ಬಡಿಸಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರು ಎಷ್ಟು ರೊಟ್ಟಿ ಉಣ್ಣುತ್ತಾರೆ ಎಂದು ನನಗೆ ಗೊತ್ತು, ನಾನು ಹೇಗೆ ಉಣ್ಣುತ್ತೇನೆ ಎಂದು ಅವರಿಗೆ ಗೊತ್ತಿರಲಿಲ್ಲ. ಪರದೆ ಹೋಟೆಲಿನವರು ಕಟ್ಟಿದ್ದು. ಅದರೊಳಗೆ ಹೋಗಿ ಕೂತವಳು ನಾನು, ಕಳಿಸಿದವರು ಅವರು.

ಭಾನುವಾರ ಎರಡು ಹೊತ್ತೂ ಅಲ್ಲಿಗೇ ಹೋದೆವು. ಸೋಮವಾರ ಡಾಕ್ಟರು ತೂಕ ನೋಡಿದರು. ಏರಿರಲಿಲ್ಲ, ಆದರೆ ಇಳಿದೂ ಇರಲಿಲ್ಲ. "ನಳಿಗಿ ಸದ್ಯ ಬ್ಯಾಡ. ಹಿಂಗs ಉಣಸ್ರಿ" ಎಂದರು. ಉಣಿಸುವುದಲ್ಲ, ಉಣ್ಣುವುದು ಎಂದು ಹೇಳಬೇಕೆಂದಿದ್ದೆ. ಹೊರಗೆ ಸರದಿ ಉದ್ದ ಇತ್ತು, ಸುಮ್ಮನೆ ಎದ್ದು ಬಂದೆ.

ನಮ್ಮೂರು ಮಾಸೂರಿಗೆ ತಿರುಗಿ ಬಂದ ದಿನ ಸೊಸೆ ಒಲೆಯ ಮುಂದೆ ಕೂತಿದ್ದಳು. ನಮ್ಮವರು ತಾಟಿನ ಮುಂದೆ ಕೂತು ರೊಟ್ಟಿ ಮುಟ್ಟಲಿಲ್ಲ. "ಇಕಿಗೂ ಹಾಕವಾ" ಎಂದರು. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ಕುಂದರ್ರಿ ಅತ್ತಿ, ಇಬ್ರಿಗೂ ಬಿಸೀದು ಹಾಕ್ತೇನಿ."

"ಆಮ್ಯಾಲ ನೀ ಒಬ್ಬಾಕಿನs ಕುಂತು ಉಣ್ಣಾಕೇನು?" ಎಂದೆ. "ಎಲ್ಲಾ ಬಡದು ಮುಗಸು. ಒಲಿ ಆರಿಸಿ ನೀನೂ ಬಾ."

ಅಷ್ಟರಲ್ಲಿ ರೊಟ್ಟಿ ಆರಿದವು. ನಮ್ಮವರಿಗೆ ಹಂಚಿನಿಂದ ತಾಟಿಗೆ ಬಿದ್ದ ರೊಟ್ಟಿಯೇ ಆಗಬೇಕು, ಇಷ್ಟು ವರ್ಷ ಹಾಗೇ ನಡೆದಿದೆ. ಅವರು ಒಂದು ರೊಟ್ಟಿ ಎತ್ತಿ ಬಗ್ಗಿಸಿ ನೋಡಿದರು.

"ಸೆಡದು ಗಟ್ಟಿ ಆಗ್ಯಾವಲ್ಲ ಇವು."

"ಸೆಡಿತಾವು. ನಾವು ದಿನಾ ಇದನ್ನs ತಿಂದೇವಿ" ಎಂದೆ.

ಅವರು ಗೊಣಗಿದರು. ಗೊಣಗುತ್ತಲೇ ಮುರಿದು ತಿಂದರು.