ಹಸ್ನಾ ನೆನೆಹಾಕಿದ ಬಟ್ಟೆಗಳು

ನನ್ನ ಓರಗಿತ್ತಿ ಹಸ್ನಾಳಷ್ಟು ಅತಿಥಿಗಳ ಹುಚ್ಚಿನವಳು ನಮ್ಮ ಇರಾಕಿನಲ್ಲಿ ನಜಫ್‌ನಿಂದ ಕರ್ಬಲಾವರೆಗೆ ಹುಡುಕಿದರೂ ಇನ್ನೊಬ್ಬಳು ಸಿಗಲಿಕ್ಕಿಲ್ಲ. ಪ್ರತಿವರ್ಷ ಇಮಾಮ್ ಹುಸೇನರು ಮಡಿದ ದಿನದಿಂದ ಎಣಿಸುವ ನಲವತ್ತನೆಯ ದಿನ ಹತ್ತಿರವಾಗುತ್ತಿದ್ದಂತೆ ಯಾವ ಯಾವ ದೇಶದ ಜನವೋ ನಮ್ಮ ಊರಿನ ಮುಂದಿನ ದಾರಿಯಲ್ಲಿ ಕರ್ಬಲಾದಲ್ಲಿರುವ ಅವರ ದರ್ಗಾಕ್ಕೆ ನಡೆದು ಹೋಗುತ್ತಾರೆ. ಊರಿನವರೆಲ್ಲ ರಸ್ತೆಗಿಳಿದು ಅವರನ್ನು ಮನೆಗೆ ಕರೆಯುತ್ತೇವೆ. ಹಸ್ನಾ ಕರೆಯುವುದಿಲ್ಲ, ಎಳೆದು ತರುತ್ತಾಳೆ. ಒಂದು ವರ್ಷ ನಾನು ಮಾತಾಡಿಸಿ ಒಪ್ಪಿಸಿದ ಬಸ್ರಾದ ಕುಟುಂಬವನ್ನು, ನಾನು ಹಿಂದೆ ತಿರುಗಿ ನೋಡುವಷ್ಟರಲ್ಲಿ ತನ್ನ ಮನೆಗೆ ಸಾಗಿಸಿಬಿಟ್ಟಿದ್ದಳು. ಈದ್ ಹಬ್ಬ ಬರುವವರೆಗೂ ಅವಳ ಜೊತೆ ಮಾತು ಬಿಟ್ಟಿದ್ದೆ.

ಹಾಗಂತ ಅವಳು ಮೊನ್ನೆ ಮೊನ್ನೆ ಶುರು ಮಾಡಿದವಳಲ್ಲ. ಹಿಂದಿನ ಸರ್ಕಾರ ಈ ನಡಿಗೆಗೇ ತಡೆ ಹಾಕಿದ್ದ ಕಾಲದಲ್ಲಿ, ಖರ್ಜೂರದ ತೋಟಗಳ ನಡುವೆ ಕದ್ದು ಬರುವವರಿಗಾಗಿ ಹಿತ್ತಲ ಬಾಗಿಲು ತೆರೆದಿಡುತ್ತಿದ್ದಳು. ಗಂಡ ದಖೀಲ್ ಹೆದರಿ ನಡುಗುತ್ತಿದ್ದ, ಇವಳು ಒಳಗೆ ಅನ್ನ ಬಡಿಸುತ್ತಿದ್ದಳು. ತಡೆ ಹೋದ ಮೇಲಂತೂ ಕೇಳುವುದೇ ಬೇಡ. ಅಕ್ಕಿ, ಬೇಳೆ, ಹಾಸಿಗೆ ಎಂದು ವರ್ಷವಿಡೀ ಕೂಡಿಡುವುದೇ ಅವಳ ಬಾಳು. ಇಷ್ಟೆಲ್ಲ ಮಾಡಿದವಳು ಕೂಗಳತೆಯಲ್ಲಿರುವ ಆ ದಾರಿಯಲ್ಲಿ ತಾನು ಒಂದು ವರ್ಷವೂ ನಡೆದಿರಲಿಲ್ಲ. ನಾನು ಎರಡು ಸಲ ಹೋಗಿ ಬಂದೆ. ಅವಳನ್ನು ಕರೆದರೆ, "ನಾನು ಹೋದ್ರೆ ಬಂದೋರಿಗೆ ರೊಟ್ಟಿ ಯಾರು ಹಾಕ್ತಾರೆ, ನಿಮ್ಮ ಮೈದುನಾನಾ?" ಅನ್ನುತ್ತಿದ್ದಳು.

ಅತಿಥಿಗಳನ್ನು ಉಳಿಸಿಕೊಳ್ಳಲು ಅವಳದೊಂದು ಉಪಾಯವಿತ್ತು. ಬಂದವರ ಬಟ್ಟೆ ಒಗೆದುಕೊಡುವುದು ಇಲ್ಲಿ ಎಲ್ಲ ಮನೆಯಲ್ಲೂ ಇದ್ದದ್ದೇ. ಹಸ್ನಾ ಮೈಮೇಲಿನದ್ದನ್ನಷ್ಟೇ ಒಗೆಯುತ್ತಿರಲಿಲ್ಲ. ಚೀಲದಲ್ಲಿ ಮಡಿಸಿಟ್ಟ ಶುಭ್ರವಾದ ಬಟ್ಟೆಯನ್ನೂ ತೆಗೆದು ನೀರಿನ ಬಾನಿಗೆ ಹಾಕುತ್ತಿದ್ದಳು. ಉಡಲು ಒಣಬಟ್ಟೆ ಇಲ್ಲದ ಅತಿಥಿ ಎಲ್ಲಿಗೆ ಹೋದಾನು? ಒಂದು ರಾತ್ರಿಗೆಂದು ಬಂದವರು ಎರಡು ರಾತ್ರಿ ಇರುತ್ತಿದ್ದರು, ನಗುತ್ತಲೇ ಹೋಗುತ್ತಿದ್ದರು.

ನಾನು ಹೇಳಹೊರಟ ವರ್ಷ ನಲವತ್ತನೆಯ ದಿನ ನಡುಚಳಿಗಾಲದಲ್ಲಿ ಬಿತ್ತು. ಅದಕ್ಕೆ ಎರಡು ದಿನ ಮುಂಚೆ ಸಂಜೆ ಹಸ್ನಾಳ ಕೈಗೆ ಸಿಕ್ಕವರು ಅಜರ್‌ಬೈಜಾನಿನ ಲೆಂಕರಾನ್ ಎಂಬ ಊರಿನವರು. ಮುದುಕಿ ಗುಲ್ಸನಮ್, ಮಗ ರೌಫ್, ಸೊಸೆ ಅಯ್ನೂರ, ತಳ್ಳುಗಾಡಿಯಲ್ಲಿ ಪುಟ್ಟ ಮೊಮ್ಮಗಳು. ರೌಫ್‌ಗೆ ಮಾತ್ರ ಮುರುಕು ಅರಬ್ಬಿ ಬರುತ್ತಿತ್ತು. ಮೊಮ್ಮಗಳ ಹೃದಯಕ್ಕೆ ಆಪರೇಷನ್ ಆದಾಗ ಮುದುಕಿ ಹರಕೆ ಹೊತ್ತಿದ್ದಳಂತೆ: ಮಗು ಉಳಿದರೆ ನಲವತ್ತನೆಯ ದಿನಕ್ಕೆ ನಜಫ್‌ನಿಂದ ನಡೆದೇ ಹೋಗಿ ಕರ್ಬಲಾ ಮುಟ್ಟುತ್ತೇನೆ ಎಂದು. ಮಗು ಉಳಿಯಿತು. ಆದರೆ ಮುದುಕಿಯ ಮಂಡಿ ಊದಿ, ಅಂದುಕೊಂಡದ್ದಕ್ಕಿಂತ ಬಹಳ ಹಿಂದೆ ಬಿದ್ದಿದ್ದರು. ಮರುದಿನ ಬೆಳಿಗ್ಗೆಯೇ ಹೊರಟರೆ ಮಾತ್ರ ಆಸೆ.

ಹೊರಡುವ ಈ ಆತುರವನ್ನು ರೌಫ್ ದಖೀಲನಿಗೆ ಹೇಳಿದ್ದ. ದಖೀಲ್ ಉಂಡು ಮಲಗಿದ. ಹಸ್ನಾ ಎಂದಿನಂತೆ ಎಲ್ಲರಿಗೂ ಮನೆಯ ಅಂಗಿ ಕೊಟ್ಟು, ಎಲ್ಲರ ಬಟ್ಟೆಯನ್ನೂ ನೆನೆಹಾಕಿದಳು.

ಬೆಳಿಗ್ಗೆ ನಾನು ಅವರನ್ನು ನಮ್ಮ ಮನೆಗೆ ಊಟಕ್ಕೆ ಕರೆಯೋಣವೆಂದು ಹೋದೆ. ನಿಜ ಹೇಳಬೇಕೆಂದರೆ, ಎಗರಿಸಿಕೊಂಡು ಬರೋಣವೆಂದೇ ಹೋದೆ. ಅಂಗಳದಲ್ಲಿ ಎದುರಿದ್ದವರು ಕಾಣದಷ್ಟು ಮಂಜು. ಹಗ್ಗದ ಮೇಲೆ ಬಟ್ಟೆಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಹಸ್ನಾ ಎಮ್ಮೆ ಹಾಲಿನ ಕೆನೆ, ಖರ್ಜೂರದ ಪಾಕ, ಬಿಸಿರೊಟ್ಟಿ ಹರಡಿ ಗೆದ್ದವಳ ಹಾಗೆ ಕುಳಿತಿದ್ದಳು.

"ಅಮ್ಮಾ, ನಮ್ ಬಟ್ಟೆ?" ಎಂದ ರೌಫ್.

"ಒಣಗಿಲ್ಲ ಕಣಪ್ಪಾ. ಏನು ಅವಸರ? ಇನ್ನೊಂದಿನ ಇದ್ದು ಹೋಗಿ."

ಅವನು ತಾಯಿಗೆ ಅದನ್ನೇ ತಮ್ಮ ಮಾತಿನಲ್ಲಿ ಹೇಳಿದ. ಮುದುಕಿ ಬೈಯಲಿಲ್ಲ, ಅಳಲೂ ಇಲ್ಲ. ಗೋಡೆ ಹಿಡಿದು ಎದ್ದು, ಹಸ್ನಾ ಕೊಟ್ಟಿದ್ದ ತೆಳು ಹೂವಿನ ಅಂಗಿಯಲ್ಲೇ ಬಾಗಿಲಿಗೆ ಹೋಗಿ, ಕೂತು ಬೂಟು ಹಾಕಿಕೊಳ್ಳತೊಡಗಿದಳು.

"ಏನಂತೆ?" ಎಂದಳು ಹಸ್ನಾ.

"ಹೀಗೇ ಹೋಗ್ತಾಳಂತೆ. ಇವತ್ತು ನಿಂತ್ರೆ ಹರಕೆ ತಪ್ಪುತ್ತೆ. ರಾತ್ರಿನೇ ನಿಮ್ಮ ಯಜಮಾನ್ರಿಗೆ ಹೇಳಿದ್ದೆ. ಮಗು ಜೀವ ಅದು, ಅಮ್ಮಾ."

ಹಸ್ನಾ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ದಖೀಲ್ ಮೂಲೆಯಿಂದ, "ಒಗಿ, ಇನ್ನೂ ಒಗಿ! ಮುಂದಿನ ಸಲ ಅವರ ಚರ್ಮಾನೂ ಸುಲಿದು ಒಗಿ!" ಎಂದ.

"ನೀವು ಬಾಯ್ಮುಚ್ಚಿ. ನಿಮಗೆ ಹೇಳಿದ್ರಂತಲ್ಲ, ನನಗೊಂದು ಮಾತು ಉಸುರಿದ್ರಾ?" ಎಂದು ಹರಿಹಾಯ್ದವಳೇ ಒಳಕೋಣೆಗೆ ಓಡಿದಳು. ದಖೀಲನ ಉದ್ದನೆಯ ಉಣ್ಣೆ ಅಂಗಿ ರೌಫ್‌ಗೆ, ಮಗಳು ತವರಲ್ಲಿ ಬಿಟ್ಟುಹೋಗಿದ್ದ ಬಟ್ಟೆ ಅಯ್ನೂರಳಿಗೆ. ಕೊನೆಗೆ ಗೂಟದಿಂದ ತನ್ನ ಕಪ್ಪು ಅಬಾಯಾ ಇಳಿಸಿ ತಂದು, ಮುದುಕಿಯ ತಲೆಯಿಂದ ಪಾದದವರೆಗೆ ಹೊದಿಸಿದಳು. ಹೊಸ್ತಿಲು ದಾಟುವಾಗ ಹೊದೆಯಲು ಹಸ್ನಾಳಿಗಿದ್ದದ್ದು ಅದೊಂದೇ.

"ಅಜ್ಜೀ, ನನ್ನ ಆಸೆಗೆ ಮಾಡಿದೆ. ಹೊಟ್ಟೆಗೆ ಹಾಕ್ಕೊಳಿ," ಎಂದಳು. ಮುದುಕಿಗೆ ಮಾತು ತಿಳಿಯಲಿಲ್ಲ. ಹಸ್ನಾಳ ಕೆನ್ನೆ ತಟ್ಟಿ ನಡೆದಳು. ಹಸಿಬಟ್ಟೆಯನ್ನು ತಳ್ಳುಗಾಡಿಯ ಹಿಂದೆ ಕಟ್ಟಿಕೊಂಡು ಅವರು ಮಂಜಿನಲ್ಲಿ ಮರೆಯಾದರು.

ಇನ್ನುಳಿದ ಎರಡು ದಿನವೇ ರಸ್ತೆಯಲ್ಲಿ ಜನ ಹೆಚ್ಚು. ಹಸ್ನಾ ಹೊರಗೆ ಬರಲಿಲ್ಲ. ನನ್ನ ಹಳೆಯ ಅಬಾಯಾ ಕೊಡಲು ಹೋದರೆ, "ಬೇಡ ಅಕ್ಕಾ. ಆ ಅಜ್ಜಿ ಮುಟ್ಟಿದ್ಲೋ ಇಲ್ವೋ ಮೊದ್ಲು ಗೊತ್ತಾಗ್ಲಿ," ಎಂದಳು. ಎಲ್ಲ ಅತಿಥಿಗಳೂ ನನಗೇ ಸಿಕ್ಕರು. ಆದರೂ ಏನೋ ಸಪ್ಪೆಯಾಗಿತ್ತು, ಕಿತ್ತಾಡಲು ಯಾರೂ ಇರಲಿಲ್ಲ.

ನಲವತ್ತನೆಯ ದಿನ ಹೊತ್ತು ಮುಳುಗುವ ಮುಂಚೆ ರೌಫ್ ಫೋನ್ ಮಾಡಿದ. ಹಿಂದೆ ಜನರ ಗದ್ದಲ. "ಮುಟ್ಟಿದ್ವಿ ಅಮ್ಮಾ. ನಮ್ಮಮ್ಮ ಕೊನೇಗೆ ನನ್ನ ಹೆಗಲು ಹಿಡ್ಕೊಂಡು ನಡೆದ್ಲು, ಆದ್ರೆ ನಡೆದೇ ಮುಟ್ಟಿದ್ಲು." ಹಸ್ನಾ ಫೋನನ್ನು ನನ್ನ ಕೈಗೆ ಕೊಟ್ಟು ಒಲೆಯ ಕಡೆ ತಿರುಗಿ ನಿಂತಳು.

ಮರುದಿನ ಹಿಂದಿರುಗುವವರ ವ್ಯಾನೊಂದು ನಿಂತು, ಗುರುತಿಲ್ಲದ ಒಬ್ಬ ಗಂಟನ್ನು ಕೊಟ್ಟು ಹೋದ. ಒಳಗಿದ್ದ ಹಸ್ನಾಳ ಅಬಾಯಾದ ಅಂಚಿಗೆಲ್ಲ ಕೆಸರು ಒಣಗಿ ಹತ್ತಿತ್ತು, ಭುಜದ ಮೇಲೆ ದರ್ಗಾದಲ್ಲಿ ಚಿಮುಕಿಸುವ ಪನ್ನೀರಿನ ವಾಸನೆ.

"ಕೊಡಿಲ್ಲಿ, ನನ್ನ ಬಟ್ಟೆ ಜೊತೆ ನೆನೆಹಾಕ್ತೀನಿ," ಎಂದೆ.

ಕಿತ್ತುಕೊಂಡಳು. ನೆಲದ ಮೇಲೆ ಕೂತು ಆ ಅಂಚನ್ನು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತಳು. ಗಂಡನನ್ನು ಹೆದರಿಸಿಟ್ಟಿದ್ದ ಈ ಹೆಂಗಸು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ನೋಡಿ ಅಕ್ಕಾ, ನನ್ನ ಬಟ್ಟೆ ಹೋಗಿ ಬಂತು, ನಾನಿಲ್ಲೇ ಇದೀನಿ," ಎಂದಳು. ಮೂಗೊರೆಸಿಕೊಂಡು, ದಖೀಲನಿಗೂ ಕೇಳುವಂತೆ ಸ್ವರ ಏರಿಸಿದಳು: "ಬರೋ ವರ್ಷ ನಾನು ನಡೀತೀನಿ. ಬಂದೋರಿಗೆ ನೀವಿಬ್ರೂ ರೊಟ್ಟಿ ತಟ್ಟಿ ಹಾಕಿ."